ಎಆರ್ ಮಾಡ್ಸೂಕಿಂತ ಮೊದ್ಲ ಗ್ವಾಡಿ ನೋಡ್ರಿ, ಲೈಟ್ ನೋಡ್ರಿ

ಬೆಳಗಾವಿ ಉದ್ಯಮಬಾಗ ಕಡೆಯಿಂದ ಯಾರರೆ ಫೋನ್ ಮಾಡಿ "ಸರ್, ನಮ್ಮ ಮಷೀನಿಗೆ ಒಂದು ಎಆರ್ ಆ್ಯಪ್ ಮಾಡಿ ಕೊಡ್ರಿ" ಅಂದ್ರ ನಾ ಮೊದ್ಲ ಕೇಳೂದು ಶೆಡ್ಡಿನ್ಯಾಗ ಬೆಳಕ ಹೆಂಗೈತ್ರಿ, ಮಷೀನ್ ಹಿಂದಿನ ಗ್ವಾಡಿ ಹೆಂಗೈತ್ರಿ ಅಂತ. ಕೇಳಿ ನಗತಾರ. ಆದ್ರ ಎಆರ್ ಅಂದ್ರ ಆಗ್ಮೆಂಟೆಡ್ ರಿಯಾಲಿಟಿಯ ಖರೇ ತ್ರಾಸ ಇರೂದು ಅಲ್ಲೇ.

ಹೊಸಬರಿಗೆ ಜರಾ ಹೇಳಿಬಿಡ್ತೀನಿ. ವಿಆರ್ (ವರ್ಚುವಲ್ ರಿಯಾಲಿಟಿ) ಚಸ್ಮಾ ಕಣ್ಣಿಗೆ ಹಾಕ್ಕೊಂಡ್ರ ಎದುರಿಗಿದ್ದಿದ್ದೆಲ್ಲಾ ಮುಚ್ಚಿ ಬ್ಯಾರೆನ ಜಗತ್ತು ತೋರಸ್ತೈತಿ, ಎಆರ್ ಹಂಗ ಮಾಡೂದಿಲ್ಲ, ನಿಮ್ಮ ಲೇಥ್ ಮಷೀನ್ ಇದ್ದಲ್ಲೇ ಇರತೈತಿ, ಫೋನಿನ ಕ್ಯಾಮೆರಾದಾಗ ನೋಡಿದ್ರ ಅದರ ಮ್ಯಾಲೆ ಬಾಣ, ಅಕ್ಷರ, ತ್ರೀಡಿ ಮಾಡೆಲ್ ಬಂದು ಕುಂದರತಾವ. 2016ರಾಗ ಪೋಕೆಮಾನ್ ಗೋ ಬಂದ ಮ್ಯಾಲೆ ಮಂದಿಗೆ ಇದು ಗೊತ್ತಾತು, ಆದ್ರ 1968ರಾಗನ ಐವನ್ ಸದರ್ಲ್ಯಾಂಡ್ ತಲಿಗೆ ಹಾಕ್ಕೊಳ್ಳೋ ಡಿಸ್‌ಪ್ಲೇ ಮಾಡಿದ್ದ, ಚಾವಣಿಯಿಂದ ಇಳಿಬಿಟ್ಟಿದ್ರು ಅದನ್ನ! 1990ರ ದಶಕದ ಶುರುವಿನ್ಯಾಗ ಬೋಯಿಂಗ್‌ನ ಟಾಮ್ ಕಾಡೆಲ್, ಡೇವಿಡ್ ಮಿಜೆಲ್ ಅನ್ನೋರು ವಿಮಾನದ ವೈರ್ ಜೋಡಸೂ ಕಾರ್ಮಿಕರಿಗೆ ಯಾವ ವೈರ್ ಎಲ್ಲಿ ಹೋಗಬೇಕು ಅಂತ ಕಣ್ಣ ಮುಂದ ತೋರಸೂದಕ್ಕ ಇದನ್ನ ಹಚ್ಚಿದ್ರು. ವರ್ಕ್‌ಶಾಪಿನ ಜೋಡಿ ಇದರ ನಂಟು ಪೋಕೆಮಾನ್‌ಗಿಂತ ಭಾಳ ಹಳೇದು.

ಈಗ ಬಾಣ ಅಲ್ಲೇ ಹೆಂಗ ನಿಂದರತೈತಿ ನೋಡೂಣು. ಕರೆಂಟ್ ಹೋದಾಗ ಮನ್ಯಾಗ ಹೆಜ್ಜಿ ಅಂದಾಜ ಮ್ಯಾಲೆ ನಡೀತೀವಿ, ನಾಕ್ ಹೆಜ್ಜಿಗೆ ಅಂದಾಜ ತಪ್ಪತೈತಿ, ಗ್ವಾಡಿಗೆ ಕೈ ತಾಗಿದ್ ಕೂಡ್ಲೆ ಹಾಂ ಇಲ್ಲದೀನಿ ಅಂತ ಸರಿ ಮಾಡ್ಕೊತೀವಿ. ಫೋನ್‌ದೂ ಹಂಗ. ಒಳಗಿನ ಆಕ್ಸೆಲೆರೋಮೀಟರ್, ಜೈರೋಸ್ಕೋಪ್ ಫೋನ್ ಎತ್ತ ಸರೀತು ಎತ್ತ ತಿರಗ್ತು ಅಂತ ಲೆಕ್ಕಾ ಹಾಕತಾವ, ಆದ್ರ ಸಣ್ಣ ಸಣ್ಣ ತಪ್ಪು ಕೂಡಿ ಕೂಡಿ ಲೆಕ್ಕ ದಾರಿ ಬಿಡತೈತಿ, ಆವಾಗ ಕ್ಯಾಮೆರಾ ಎದುರಿಗೆ ಕಾಣೂ ಮೂಲಿ, ಕಲಿ, ಅಕ್ಷರ ಹಿಡಕೊಂಡು ಹೊಳ್ಳಿ ದಾರಿಗೆ ತರತೈತಿ. ಇದಕ್ಕ ಸ್ಲ್ಯಾಮ್ ಅಂತಾರ. 2017ರಾಗ ಆ್ಯಪಲ್ ಎಆರ್‌ಕಿಟ್, ಗೂಗಲ್ ಎಆರ್‌ಕೋರ್ ಅನ್ನೂ ರೆಡಿಮೇಡ್ ಸಾಫ್ಟ್‌ವೇರ್ ತಂದ ಮ್ಯಾಲೆ ಈ ಲೆಕ್ಕಾ ನಾವ ಬರಿಯೂದು ತಪ್ಪಿತು.

ಹಿಂಗಾಗಿ ಗ್ವಾಡಿ ಪೂರಾ ಸಾದಾ ಇದ್ರ ಹಿಡಕೊಳ್ಳಾಕ ಏನೂ ಸಿಗೂದಿಲ್ಲ. ವಿಜಯಪುರದ ಗೋಳಗುಮ್ಮಟದ ಒಳಗಿನ ಸಾದಾ ಗ್ವಾಡಿ ಕಡೆ ಫೋನ್ ಹಿಡಿದ್ರ ಅದಕ್ಕ, ಬಾದಾಮಿ ಕೆಂಪು ಕಲ್ಲಿನಷ್ಟು ಗುರ್ತು ಸಿಗೂದಿಲ್ಲ. ಹಂಗಂತ ಬಾದಾಮಿ ಸಲೀಸು ಅಂತಲ್ಲ, ಗುಹಿ ಒಳಗ ಹೋದಂಗ ಕತ್ತಲಾಗಿ ಕ್ಯಾಮೆರಾಕ್ಕ ಕಾಣೂದ ಕಡಿಮಿ. ಚಾಲುಕ್ಯ ಮನೆತನದ ಮಂಗಲೇಶನ 578ರ ಶಾಸನ ಇರೂ ಮೂರನೇ ಗುಹೆದಾಗ ಹಳೇ ಚಿತ್ರದ ಕುರುಹು ಅದಾವ, ಅದರ ಮ್ಯಾಲೆ ಎಆರ್‌ದಾಗ ಬಣ್ಣ ತುಂಬಿ ತೋರಸಬಹುದು, ಪ್ರವಾಸಿಗರಿಗೆ ಭಾಳ ಚಲೋ. ಖರೇ ಉಳದಿದ್ದೆಷ್ಟು ನಾವು ಊಹಿಸಿದ್ದೆಷ್ಟು ಅನ್ನೂದು ಮಾತ್ರ ಸ್ಕ್ರೀನ್ ಮ್ಯಾಲೆನ ಬ್ಯಾರೆ ಬ್ಯಾರೆ ಕಾಣಬೇಕ್ರಿ, ಇಲ್ಲಾಂದ್ರ ಮಂದಿ ಎಲ್ಲಾನೂ ಚಾಲುಕ್ಯರದ ಅಂತ ತಿಳೀತಾರ.

ಫೌಂಡ್ರಿದಾಗ ಇನ್ನೊಂದು ಐತಿ. ಸುತ್ತ ಕಬ್ಬಿಣ, ಫೋನಿನ ಕಂಪಾಸ್ ಎತ್ತರೆ ತೋರಸ್ತೈತಿ, ಜಿಪಿಎಸ್ ಶೆಡ್ಡಿನ್ಯಾಗ ನಾಕಾರು ಮೀಟರ್ ಆಕಡೆ ಈಕಡೆ. ಅದಕ್ಕ ಮಷೀನಿಗೆ ಕ್ಯೂಆರ್‌ನಂಥಾ ಮಾರ್ಕರ್ ಅಂಟಸ್ತೀವಿ, ಅದನ್ನ ನೋಡಿ ಫೋನ್ ಜಾಗಾ ಹಿಡೀತೈತಿ, ಎಣ್ಣಿ ಗ್ರೀಸ್ ಹತ್ತಿತು ಅಂದ್ರ ಅದೂ ಮುಗೀತು, ಒರಸೂ ಹಂಗ ಲ್ಯಾಮಿನೇಷನ್ ಮಾಡ್ಸಬೇಕು. ಇಷ್ಟಾದ್ರೂ ಹೊಸ ಹುಡುಗನಿಗೆ ಯಾವ ಬೋಲ್ಟ್ ಮೊದ್ಲ ಬಿಚ್ಚಬೇಕು ಅಂತ ಅಲ್ಲೇ ತೋರಸೂದಕ್ಕ ಇದಕ್ಕಿಂತ ಚಲೋ ಸಾಧನ ನಾ ಕಂಡಿಲ್ಲ.

ಇಳಕಲ್ ಸೀರಿ ಫೋನಿನ್ಯಾಗ ಉಟ್ಟು ನೋಡೂ ಆ್ಯಪ್ ಬೇಕಂತ ಅಂಗಡಿಯವರು ಕೇಳತಾರ. ಚಸ್ಮಾ ಆದ್ರ ಸಲೀಸು, ಮುಖದ ಆಕಾರ ಬದಲಾಗೂದಿಲ್ಲ. ಸೀರಿ ನಿರಿಗಿ ಪ್ರತಿ ಹೆಜ್ಜಿಗೂ ಬದಲಾಗತೈತಿ, ಸದ್ಯಕ್ಕ ಫೋಟೋ ನೋಡಿ ಆರ್ಸೂದ ಪಾಡ.

ಯಾರರೆ ಕೊಟೇಶನ್ ಕೊಟ್ರ ಡೆಮೊ ನಿಮ್ಮ ಶೆಡ್ಡಿನ್ಯಾಗ, ಸಂಜೀ ಲೈಟಿನ್ಯಾಗ ತೋರಸ್ರಿ ಅನ್ರಿ. ಮಷೀನ್ ಸುತ್ತ ಒಂದ್ ಸುತ್ತ ಹೊಡ್ದು ಬಂದು ಬಾಣ ಅದ ಬೋಲ್ಟಿನ ಮ್ಯಾಲೆ ಐತೇನು ನೋಡ್ರಿ. ಹುಡುಗ್ರ ಕೈಯಾಗಿನ ಫೋನ್ ಎಆರ್‌ಕೋರ್ ನಡಿಯೂ ಫೋನುಗಳ ಲಿಸ್ಟಿನ್ಯಾಗ ಐತೇನು ಅದನ್ನೂ ಚೆಕ್ ಮಾಡ್ರಿ, ಸಾಹೇಬ್ರ ಐಫೋನಿನ್ಯಾಗ ಚಂದ ಕಾಣ್ತು ಅಂತ ಅಡ್ವಾನ್ಸ್ ಕೊಡಬ್ಯಾಡ್ರಿ.