ಸೀಲ್ ಒಡೆಯದ ಹಳೇ ಎಂಜಿನ್ ಆಯಿಲ್: ಗಾಡಿಗೆ ಹಾಕಬಹುದಾ?

ಪ್ರಶ್ನೆ: ಕಪಾಟು ಖಾಲಿ ಮಾಡುವಾಗ ಮೂಲೆಯಲ್ಲಿ ಎಂಜಿನ್ ಆಯಿಲ್ ಕ್ಯಾನ್ ಒಂದು ಸಿಕ್ಕಿತು. ಸೀಲ್ ಹಾಗೇ ಇದೆ. ತಂದು ಆರೇಳು ವರ್ಷವಾದರೂ ಆಗಿರಬೇಕು. ಈಗಿರುವ ಕಾರಿಗೆ ಅದನ್ನು ಹಾಕಬಹುದಾ, ಇಲ್ಲ ಎಸೆಯೋದೇ ವಾಸಿನಾ?

ಎಸೆಯಬೇಡಿ. ಹಾಗಂತ ಸೀದಾ ಎಂಜಿನ್‌ಗೂ ಸುರಿಯಬೇಡಿ. ಮೊದಲು ಕ್ಯಾನ್ ತಿರುಗಿಸಿ ಹಿಂದಿನ ಲೇಬಲ್ ಓದಿ. ಆಯಿಲ್ ಕೆಟ್ಟಿರಬಹುದಾ ಅನ್ನುವ ಅನುಮಾನ ಎಲ್ಲರಿಗೂ ಬರುತ್ತದೆ. ಆದರೆ ಸೀಲ್ ಆಗಿರುವ ಆಯಿಲ್ ಕೆಡುವುದು ಅಪರೂಪ. ಅದು ಈಗಿನ ಗಾಡಿಗೆ ಹೊಂದದೇ ಹೋಗುವುದೇ ಜಾಸ್ತಿ. ಅದರ ಕಡೆ ಯಾರೂ ನೋಡುವುದಿಲ್ಲ.

ಕೆಡುವ ವಿಷಯವನ್ನೇ ಮೊದಲು ಮುಗಿಸೋಣ. "ಕೋಟ್ಯಂತರ ವರ್ಷ ನೆಲದಡಿ ಇದ್ದ ಎಣ್ಣೆ, ಡಬ್ಬಕ್ಕೆ ಬಂದು ಐದೇ ವರ್ಷಕ್ಕೆ ಹಾಳಾಗುತ್ತಾ?" ಅಂತ ಗೆಳೆಯನೊಬ್ಬ ಕೆಣಕಿದ್ದ. ಕೇಳಲು ಚೆನ್ನಾಗಿದೆ. ಕ್ಯಾನ್‌ನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವುದು ಮೂಲ ಎಣ್ಣೆಯೇ, ಅದು ಸುಲಭಕ್ಕೆ ಜಗ್ಗುವುದೂ ಇಲ್ಲ. ಉಳಿದ ಪಾಲು ಅಡಿಟಿವ್‌ಗಳದ್ದು. ಅಂದರೆ ಒಂದೊಂದು ಕೆಲಸಕ್ಕೆ ಅಂತ ಬೆರೆಸಿದ ರಾಸಾಯನಿಕಗಳು. ಲೋಹ ಲೋಹವನ್ನು ಸವೆಸದಂತೆ ತಡೆಯುವ ಸತು ಮತ್ತು ರಂಜಕದ ಸಂಯುಕ್ತ ಒಂದು. ಕೊಳೆ ತೊಳೆಯುವ ಡಿಟರ್ಜೆಂಟ್ ಇನ್ನೊಂದು. ಮಸಿಯ ಕಣಗಳು ಗುಂಪುಗೂಡದಂತೆ ನೋಡಿಕೊಳ್ಳುವುದು ಮತ್ತೊಂದು. ಬಿಸಿಯಾದಾಗ ಆಯಿಲ್ ತೀರಾ ನೀರಾಗದಂತೆ ಹಿಡಿದಿಡುವ ಪಾಲಿಮರ್ ಕೂಡ ಇರುತ್ತದೆ.

ಇವುಗಳಲ್ಲಿ ನನಗೆ ತುಂಬಾ ಮಜಾ ಅನ್ನಿಸುವುದು ನೊರೆ ತಡೆಯುವ ಸಿಲಿಕೋನ್. ಇದು ಎಣ್ಣೆಯಲ್ಲಿ ಕರಗುವುದೇ ಇಲ್ಲ. ಕರಗದೇ ಇರುವುದೇ ಅದರ ಬಂಡವಾಳ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಎಲ್ಲ ಕಡೆ ಹರಡಿಕೊಂಡು, ಗುಳ್ಳೆ ಎದ್ದ ಕೂಡಲೇ ಅದನ್ನು ಒಡೆಯುತ್ತದೆ. ಹತ್ತು ಲಕ್ಷ ಭಾಗದಲ್ಲಿ ಕೆಲವೇ ಭಾಗ ಇದ್ದರೂ ಸಾಕು. ಆದರೆ ಕರಗದ ವಸ್ತು ವರ್ಷಗಟ್ಟಲೆ ಅಲ್ಲಾಡದೆ ಕೂತರೆ ಮೆಲ್ಲಗೆ ತಳಕ್ಕೆ ಇಳಿಯಬಹುದು. ಆಮೇಲೆ ಮೇಲಿನ ಆಯಿಲ್ ಎಂಜಿನ್‌ನಲ್ಲಿ ನೊರೆ ಕಟ್ಟಲು ಶುರು ಮಾಡುತ್ತದೆ. ನೊರೆ ಅಂದರೆ ಗಾಳಿ, ಗಾಳಿಯಿಂದ ಬೇರಿಂಗ್‌ಗೆ ಕಾವಲು ಸಿಗುವುದಿಲ್ಲ. ಹಳೇ ಆಯಿಲ್ ಹಾಕುವ ಮುನ್ನ ಚೆನ್ನಾಗಿ ಕುಲುಕಿ ಅಂತ ಹೇಳುವುದು ಇದಕ್ಕೇ.

ಹಾಗಾದರೆ ಎಷ್ಟು ವರ್ಷ? ಸೀಲ್ ಒಡೆಯದೆ, ನೆರಳಲ್ಲಿ, ಒಣ ಜಾಗದಲ್ಲಿ ಇಟ್ಟರೆ ಸುಮಾರು 5 ವರ್ಷ ಅಂತ ಹಲವು ಕಂಪನಿಗಳು ಹೇಳುತ್ತವೆ. ಇನ್ನೂ ಕಡಿಮೆ ಹೇಳುವವರೂ ಇದ್ದಾರೆ. ಇದನ್ನು ಔಷಧಿಯ ಎಕ್ಸ್‌ಪೈರಿ ತಾರೀಖಿನ ಹಾಗೆ ನೋಡಬೇಡಿ. ಐದನೇ ವರ್ಷದ ಮಾರನೇ ದಿನ ಆಯಿಲ್ ವಿಷವಾಗುವುದಿಲ್ಲ. ಅಲ್ಲಿಯವರೆಗೆ ಕಂಪನಿ ಜವಾಬ್ದಾರಿ ಹೊರುತ್ತದೆ, ಆಮೇಲೆ ನೋಡಿಕೊಳ್ಳಬೇಕಾದವರು ನೀವು, ಅಷ್ಟೇ. ವರ್ಷ ಲೆಕ್ಕ ಹಾಕುವಾಗ ಕೊಂಡ ದಿನವನ್ನಲ್ಲ, ತುಂಬಿದ ದಿನವನ್ನು ಹಿಡಿಯಿರಿ. ಅದು ಕ್ಯಾನ್‌ನ ಕುತ್ತಿಗೆಯ ಹತ್ತಿರ ಅಥವಾ ತಳದಲ್ಲಿ ಚುಕ್ಕಿ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಬರೀ ಬ್ಯಾಚ್ ನಂಬರ್ ಇದ್ದರೆ ಕಂಪನಿಗೇ ಫೋಟೊ ಕಳಿಸಿ ಕೇಳಬಹುದು.

ಇಟ್ಟ ಜಾಗ ವರ್ಷದಷ್ಟೇ ಮುಖ್ಯ. ಹಗಲು ಕಾದು ರಾತ್ರಿ ತಣ್ಣಗಾಗುವ ತಗಡಿನ ಶೆಡ್ ಆಯಿಲ್‌ಗೆ ಒಳ್ಳೆಯದಲ್ಲ. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ನುಸುಳುತ್ತದೆ, ತಣ್ಣಗಾದಾಗ ಹೊರಗಿನ ತೇವದ ಗಾಳಿ ಒಳಗೆ ಬರುತ್ತದೆ. ಡಬ್ಬ ಉಸಿರಾಡುತ್ತದೆ ಅನ್ನಿ. ದೊಡ್ಡ ಡ್ರಮ್‌ಗಳಲ್ಲಿ ಈ ಕಾಟ ಜಾಸ್ತಿ. ನೆಟ್ಟಗೆ ನಿಲ್ಲಿಸಿದ ಡ್ರಮ್‌ನ ತಲೆ ಮೇಲೆ ಮಳೆ ನೀರು ನಿಂತರೆ, ರಾತ್ರಿ ತಣ್ಣಗಾಗುವಾಗ ಅದನ್ನೇ ಬಿರಡೆಯ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಡ್ರಮ್ ಮಲಗಿಸಿ ಇಡುವುದು ಅದಕ್ಕೆ. ಸಣ್ಣ ಪ್ಲಾಸ್ಟಿಕ್ ಕ್ಯಾನ್‌ನಲ್ಲಿ ಮುಚ್ಚಳದಡಿ ಫಾಯಿಲ್ ಇದ್ದರೆ ಈ ಭಯ ಬಹಳ ಕಡಿಮೆ.

ಪರೀಕ್ಷೆ ಕಷ್ಟವಲ್ಲ. ಕ್ಯಾನ್ ಕುಲುಕುವ ಮೊದಲೇ ಮೆಲ್ಲಗೆ ತೆರೆದು, ಗಾಜಿನ ಲೋಟಕ್ಕೆ ಸ್ವಲ್ಪ ಸುರಿಯಿರಿ. ಬೆಳಕಿಗೆ ಹಿಡಿದರೆ ಆಚೆ ಬದಿ ತಿಳಿಯಾಗಿ ಕಾಣಬೇಕು. ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ನೀರು ಸೇರಿದೆ, ಅಲ್ಲಿಗೆ ಮುಗಿಯಿತು. ಅನುಮಾನ ಇದ್ದರೆ ಒಂದು ಹನಿಯನ್ನು ಚೆನ್ನಾಗಿ ಕಾದ ತಗಡಿನ ಮೇಲೆ ಬಿಡಿ. ನೀರಿದ್ದರೆ ಒಗ್ಗರಣೆ ಹಾಗೆ ಚಟಪಟ ಅನ್ನುತ್ತದೆ. ದೂರ ನಿಂತು ಮಾಡಿ, ಕಣ್ಣಿಗೆ ಸಿಡಿದರೆ ಸುಮ್ನೆ ತೊಂದರೆ.

ನನ್ನ ಹತ್ತಿರ ಒಮ್ಮೆ ಹೀಗೇ ಒಂದು ಹಳೇ ತಗಡಿನ ಡಬ್ಬ ಇತ್ತು. ಮೇಲಿನ ಆಯಿಲ್ ಜೇನಿನ ಬಣ್ಣದಲ್ಲಿ ಲಕ್ಷಣವಾಗಿ ಬಂತು. ನಾನು ಖುಷಿಯಾದೆ. ಕೊನೆಗೆ ಡಬ್ಬ ಓರೆ ಮಾಡಿದಾಗ ತಳದಲ್ಲಿ ಬೂದು ಬಣ್ಣದ ಗಸಿ ಮೆತ್ತಿಕೊಂಡಿದ್ದು ಕಂಡಿತು. ಬೆರಳಲ್ಲಿ ತೆಗೆದರೆ ಗ್ರೀಸ್ ಥರ ಎಳೆ ಎಳೆಯಾಗಿ ಬಂತು. ಎಷ್ಟು ಕುಲುಕಿದರೂ ಬಿಡಲಿಲ್ಲ. ತಳದಲ್ಲಿ ಕೂತು, ಕುಲುಕಿದರೆ ಬೆರೆತುಹೋಗುವ ತೆಳು ಪದರಕ್ಕೆ ಹೆದರಬೇಕಿಲ್ಲ, ಹೀಗೆ ಅಂಟಿ ಕೂತ ಗಸಿ ಇದ್ದರೆ ಎಂಜಿನ್‌ಗೆ ಬೇಡ. ಎಂಜಿನ್‌ಗೆ ಬೇಕಿದ್ದ ಅಡಿಟಿವ್‌ಗಳೇ ಕೆಳಗೆ ಕೂತಿರಬಹುದು. ಆ ಆಯಿಲ್ ನಮ್ಮ ಗೇಟಿನ ಹಿಂಜಿಗೆ, ಸಲಿಕೆ, ಗುದ್ದಲಿಗೆ ವರ್ಷಗಟ್ಟಲೆ ಬಂತು.

ಸರಿ, ನಿಮ್ಮ ಆಯಿಲ್ ತಿಳಿಯಾಗಿದೆ ಅಂದುಕೊಳ್ಳೋಣ. ಈಗ ಲೇಬಲ್. ಅಲ್ಲಿ ಒಂದು ದುಂಡನೆಯ ಗುರುತು ಇರುತ್ತದೆ, ನಡುವೆ 5ಡಬ್ಲ್ಯು-30 ಥರದ ಸಂಖ್ಯೆ, ಮೇಲೆ ಎಪಿಐ (ಆಯಿಲ್‌ನ ದರ್ಜೆ ಗೊತ್ತುಮಾಡುವ ಅಮೆರಿಕದ ಸಂಸ್ಥೆ) ಅಂತ ಬರೆದು ಎರಡು ಅಕ್ಷರ. ಸಂಖ್ಯೆ ಆಯಿಲ್ ಎಷ್ಟು ಮಂದ ಅಂತ ಹೇಳುತ್ತದೆ. ಅದನ್ನು ಎಲ್ಲರೂ ನೋಡುತ್ತಾರೆ. ಆ ಎರಡು ಅಕ್ಷರವನ್ನು ಬಿಟ್ಟುಬಿಡುತ್ತಾರೆ. ಪೆಟ್ರೋಲ್ ಗಾಡಿಯ ಆಯಿಲ್‌ಗೆ ಮೊದಲ ಅಕ್ಷರ ಎಸ್. ಎರಡನೆಯದು ಮುಂದೆ ಹೋದಷ್ಟೂ ಆಯಿಲ್ ಹೊಸ ಕಾಲದ್ದು. ಎಸ್‌ಎಲ್ 2001ರಲ್ಲಿ ಬಂತು, ಎಸ್‌ಎಂ 2004ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರ ಮೇ ತಿಂಗಳಲ್ಲಿ. ಎಸ್‌ಎ ಅಂತ ಇರುವ ಡಬ್ಬ ಸಿಕ್ಕಿದರೆ ಅದರಲ್ಲಿ ಅಡಿಟಿವ್ ಇರುವುದೇ ಇಲ್ಲ, 1930ರ ನಂತರದ ಹೆಚ್ಚಿನ ಎಂಜಿನ್‌ಗಳಿಗೆ ಅದು ಸಲ್ಲದು ಅಂತ ಎಪಿಐ ಸಂಸ್ಥೆಯೇ ಹೇಳುತ್ತದೆ.

ಹೊಸ ಆಯಿಲನ್ನು ಹಳೇ ಗಾಡಿಗೆ ಹಾಕಬಹುದು, ಹಳೇ ಆಯಿಲನ್ನು ಹೊಸ ಗಾಡಿಗೆ ಹಾಕಬಾರದು. ಪೆಟ್ರೋಲ್ ಗಾಡಿಗಳ ಮಟ್ಟಿಗೆ ಇದು ಬಹುಪಾಲು ನಿಲ್ಲುವ ಮಾತು. ಕಾರಣ ಇದೆ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳು ಬಂದ ಮೇಲೆ ಹೊಸ ತಲೆನೋವೊಂದು ಶುರುವಾಯಿತು. ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಜೋರಾಗಿ ತುಳಿದಾಗ, ಪ್ಲಗ್ ಕಿಡಿ ಹಾರಿಸುವ ಮೊದಲೇ ಸಿಲಿಂಡರ್‌ನಲ್ಲಿ ಬೆಂಕಿ ಹತ್ತುವುದು. ಕೆಟ್ಟ ಗಳಿಗೆಯಾದರೆ ಪಿಸ್ಟನ್ನೇ ಸೀಳಿಹೋಗುತ್ತದೆ. ಆಯಿಲ್‌ನ ಡಿಟರ್ಜೆಂಟ್‌ನಲ್ಲಿದ್ದ ಕ್ಯಾಲ್ಸಿಯಂಗೂ ಇದಕ್ಕೂ ನಂಟಿದೆ ಅಂತ ಗೊತ್ತಾಯಿತು. ಹಾಗಾಗಿ 2018ರ ಎಸ್‌ಎನ್ ಪ್ಲಸ್, ಆಮೇಲೆ ಎಸ್‌ಪಿ, ಎರಡೂ ಈ ಬೆಂಕಿಯನ್ನು ತಡೆಯುತ್ತವಾ ಅಂತ ನೋಡುವ ಪರೀಕ್ಷೆಯಲ್ಲಿ ಪಾಸಾಗಬೇಕು ಅಂತ ಆಯಿತು. ಬರೀ ಎಸ್‌ಎನ್ ಅಂತ ಇರುವ ಕ್ಯಾನ್ ಈ ಪರೀಕ್ಷೆ ದಾಟಿರಲೇಬೇಕೆಂದಿಲ್ಲ. ಅದರೊಳಗಿನ ಆಯಿಲ್ ನಿನ್ನೆ ತುಂಬಿದಷ್ಟು ತಾಜಾ ಇರಬಹುದು, ಆದರೂ ಅಂಥ ಟರ್ಬೊ ಗಾಡಿಗೆ ಆಗಿಬರದೇ ಹೋಗಬಹುದು.

ಡೀಸೆಲ್‌ನಲ್ಲೂ ಇದೇ ಕಥೆ. ಹೊಗೆ ಸೋಸುವ ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿ ಬಿಡುವ ಆಯಿಲೇ ಬೇಕು. 2002ರ ಕಾಲದ ಸಿಐ-4 ದರ್ಜೆಯ ಡೀಸೆಲ್ ಆಯಿಲ್ ಹಾಕಿದರೆ ಉರಿದ ಬೂದಿ ಫಿಲ್ಟರ್‌ನಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ. ಬೈಕಿನವರು ಜಾಸೊ (ಜಪಾನಿನ ಆಯಿಲ್ ದರ್ಜೆ) ಎಂಎ ಅಥವಾ ಎಂಎ2 ಗುರುತು ನೋಡಿ. ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ನುಣುಪು ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಈಗ ನಿಮ್ಮ ಕ್ಯಾನ್‌ಗೆ ಬರೋಣ. ಆರೇಳು ವರ್ಷ ಅಂದರೆ ಎಸ್‌ಎನ್ ಅಥವಾ ಎಸ್‌ಪಿ ಇರುವ ಸಾಧ್ಯತೆ ಜಾಸ್ತಿ. ಕಾರಿನ ಜೊತೆ ಬಂದ ಪುಸ್ತಕ ತೆಗೆಯಿರಿ. ಅದರಲ್ಲಿ ಕೇಳಿದ ಅಕ್ಷರ, ಸಂಖ್ಯೆ ಎರಡೂ ಕ್ಯಾನ್ ಮೇಲೆ ಇದ್ದು, ಆಯಿಲ್ ತಿಳಿಯಾಗಿ, ಗಸಿ ಇಲ್ಲದೆ ಇದ್ದರೆ ನಾನಾದರೆ ಹಾಕುತ್ತೇನೆ. ವಾರಂಟಿ ಇನ್ನೂ ಇದ್ದರೆ ಮಾತ್ರ ಹಾಕುವುದಿಲ್ಲ. ಒಂದು ಕ್ಯಾನ್ ಉಳಿಸಲು ಹೋಗಿ ಎಂಜಿನ್ ಕ್ಲೇಮ್ ಕಳೆದುಕೊಳ್ಳುವುದು ಯಾವ ಲೆಕ್ಕ? ದರ್ಜೆ ಒಂದು ಮೆಟ್ಟಿಲು ಕೆಳಗಿದ್ದರೆ, ದಾರಿಯಲ್ಲಿ ಆಯಿಲ್ ಕಡಿಮೆಯಾದಾಗ ಕಾಲು ಲೀಟರ್ ಟಾಪ್ ಅಪ್‌ಗೆ ನಡೆಯುತ್ತದೆ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ಇದನ್ನು ಓದಿ ಯಾರಾದರೂ ಕೇಳಿಯೇ ಕೇಳುತ್ತೀರಿ: ಡಬ್ಬದಲ್ಲಿ 5 ವರ್ಷ ಇರುತ್ತದೆ ಅಂದಮೇಲೆ, ಗಾಡಿ ಹೆಚ್ಚು ಓಡದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಯಾಕೆ ಬದಲಾಯಿಸಬೇಕು? ಡಬ್ಬದೊಳಗೆ ಬೆಂಕಿ ಇಲ್ಲವಲ್ಲ! ಎಂಜಿನ್‌ನಲ್ಲಿ ಉರಿದ ಅನಿಲ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿಯುತ್ತದೆ, ಜೊತೆಗೆ ನೀರಿನ ಆವಿ, ಉರಿಯದ ಪೆಟ್ರೋಲ್, ಆಮ್ಲ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡಿಸುವ ಗಾಡಿಯಲ್ಲಿ ಆ ನೀರು ಆವಿಯಾಗಿ ಹೋಗುವಷ್ಟು ಎಂಜಿನ್ ಕಾಯುವುದೇ ಇಲ್ಲ. ಕಡಿಮೆ ಓಡಿದ ಗಾಡಿಯ ಆಯಿಲ್ ಹಾಳಾಗುವುದು ಹೀಗೆ.

ನಿಮ್ಮ ಆಯಿಲ್ ಕೆಟ್ಟಿದೆ ಅಂತಾದರೆ ಚರಂಡಿಗೆ, ಮಣ್ಣಿಗೆ ಸುರಿಯಬೇಡಿ. ತೆಗೆದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟರೆ ಅವರ ಡ್ರಮ್‌ಗೆ ಸೇರಿಸಿಕೊಳ್ಳುತ್ತಾರೆ. ಚೆನ್ನಾಗಿದ್ದು ಅರ್ಧ ಉಳಿದರೆ, ಮುಚ್ಚಳ ಬಿಗಿಯಾಗಿ ತಿರುಗಿಸಿ, ತೆರೆದ ತಾರೀಖನ್ನು ಮಾರ್ಕರ್‌ನಲ್ಲಿ ಕ್ಯಾನ್ ಮೇಲೇ ದೊಡ್ಡದಾಗಿ ಬರೆದಿಡಿ. ಸೀಲ್ ಒಡೆದ ಮೇಲೆ 5 ವರ್ಷದ ಲೆಕ್ಕ ನಡೆಯುವುದಿಲ್ಲ. ನಾನು ಒಂದು ವರ್ಷದೊಳಗೆ ಮುಗಿಸಿಬಿಡುತ್ತೇನೆ.