ಸ್ಪಾರ್ಕ್ ಕಂಡ ಮಾತ್ರಕ್ಕೆ ಇಗ್ನಿಷನ್ ಸರಿ ಇದೆ ಅಂತಲ್ಲ

ಇಂಜಿನ್ ಮಿಸ್ಸಿಂಗ್ ಹೊಡೀತಿದೆ (ಮಧ್ಯೆ ಮಧ್ಯೆ ಉರಿಯೋದು ತಪ್ತಿದೆ) ಅಂತ ಔಟ್‌ಬೋರ್ಡ್, ಅಂದ್ರೆ ಬೋಟ್ ಹಿಂಬದಿಗೆ ಕಟ್ಟೋ ಇಂಜಿನ್, ತರೋರಲ್ಲಿ ಹೆಚ್ಚುಕಮ್ಮಿ ಎಲ್ರೂ ಹೇಳೋದು ಒಂದೇ ಮಾತು, "ಸ್ಪಾರ್ಕ್ ನೋಡಿದ್ವಿ ಸಾರ್, ಚೆನ್ನಾಗೇ ಬರ್ತಿದೆ, ಕಾರ್ಬೋರೇಟರ್‌ದೇ ಪ್ರಾಬ್ಲಂ." ಹೇಗೆ ನೋಡಿದ್ರಿ ಅಂದ್ರೆ, ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ ಇಂಜಿನ್ ಬಾಡಿಗೆ ತಾಗಿಸಿ ಹಗ್ಗ ಎಳೆದ್ವಿ, ಟಿಕ್ ಟಿಕ್ ಅಂತು, ಅಷ್ಟೇ. ಅದನ್ನ ನಂಬ್ಕೊಂಡು ಕಾರ್ಬೋರೇಟರ್ ಬಿಚ್ತಾರೆ, ಜೆಟ್‌ಗೆ (ಪೆಟ್ರೋಲ್ ಹಾಯೋ ಸಣ್ಣ ತೂತಿನ ಭಾಗ) ತಂತಿ ಚುಚ್ತಾರೆ, ಐಡಲ್ ಸ್ಕ್ರೂ ಎಷ್ಟು ಸುತ್ತು ಹೊರಗಿತ್ತು ಅಂತ ಗುರುತೂ ಹಾಕ್ಕೊಳ್ದೆ ತಿರುಗಿಸಿಬಿಡ್ತಾರೆ, ಕೊನೆಗೆ ಒಂದು ಕಂಪ್ಲೇಂಟ್ ಇದ್ದ ಇಂಜಿನ್ ಎರಡು ಕಂಪ್ಲೇಂಟ್ ಹೊತ್ಕೊಂಡು ನನ್ನ ಹತ್ರ ಬರುತ್ತೆ.

ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಹೊರಗೆ ಗಾಳಿಯಲ್ಲಿ ಒಂದು ಮಿಲಿಮೀಟರ್ ಗ್ಯಾಪ್ ದಾಟೋಕೆ ಕಿಡಿಗೆ ಸುಮಾರು 3,000 ವೋಲ್ಟ್ ಸಾಕು. ಪ್ಲಗ್ ಗ್ಯಾಪ್ ಇರೋದೂ ಹೆಚ್ಚುಕಮ್ಮಿ ಅಷ್ಟೇ. ಆದ್ರೆ ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಬಂದು ಆ ಗಾಳಿ-ಪೆಟ್ರೋಲನ್ನ ಒತ್ತಿ ಹಿಡಿದಾಗ ಅದೇ ಗ್ಯಾಪ್ ದಾಟೋಕೆ ಹಲವು ಪಟ್ಟು ಜಾಸ್ತಿ ವೋಲ್ಟೇಜ್ ಬೇಕು, ಥ್ರಾಟಲ್ ಪೂರ್ತಿ ತೆಗೆದಷ್ಟೂ ಒಳಗೆ ಹೆಚ್ಚು ತುಂಬುತ್ತೆ, ಒತ್ತಡ ಇನ್ನೂ ಏರುತ್ತೆ. ಅಂದ್ರೆ ಸುಸ್ತಾಗಿರೋ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡೋ ಭಾಗ), ಸೀಳು ಬಿಟ್ಟ ಪ್ಲಗ್ ಕ್ಯಾಪ್, ಒಳಗೆ ಜಂಗು ಹಿಡಿದ ವೈರ್, ಇವೆಲ್ಲ ಹೊರಗೆ ಚಂದದ ಕಿಡಿ ತೋರಿಸಿ ಒಳಗೆ ಕೈಕೊಡ್ತವೆ. ಕರೆಂಟಿಗೆ ಪ್ಲಗ್ ಗ್ಯಾಪ್‌ಗಿಂತ ಆ ಸೀಳೇ ಸುಲಭದ ದಾರಿ ಆಗುತ್ತೆ, ಅಲ್ಲಿಂದ್ಲೇ ಅರ್ತ್ ಆಗಿ ಹೋಗುತ್ತೆ. ಐಡಲ್‌ನಲ್ಲಿ ಸರಿಯಾಗೇ ಓಡಿ ರೇಸ್ ಕೊಟ್ಟ ತಕ್ಷಣ ತಡವರಿಸೋ ಎಷ್ಟೋ ಇಂಜಿನ್‌ಗಳ ಕಥೆ ಇದೇ.

ಸ್ಪಾರ್ಕ್ ನೋಡ್ಬೇಕು ಅಂದ್ರೆ ಗ್ಯಾಪ್ ಅಡ್ಜಸ್ಟ್ ಮಾಡೋ ಟೆಸ್ಟರ್ ಬೇಕು. ತುಂಬಾ ಸಿಡಿಐ (ಕೆಪಾಸಿಟರ್‌ನಿಂದ ಕಿಡಿ ಹೊಡೆಸೋ ಎಲೆಕ್ಟ್ರಾನಿಕ್ ಇಗ್ನಿಷನ್) ಇಂಜಿನ್‌ಗಳಲ್ಲಿ ಎಲ್ಲಾ ಪ್ಲಗ್ ಬಿಚ್ಚಿ ಕ್ರ್ಯಾಂಕ್ ಮಾಡಿದಾಗ ಸುಮಾರು 11 ಮಿ.ಮೀ. ಗ್ಯಾಪನ್ನ ಕಿಡಿ ಜೋರಾಗಿ, ನೀಲಿ ಬಣ್ಣದಲ್ಲಿ ದಾಟ್ಬೇಕು. ನಿಮ್ಮ ಇಂಜಿನ್ನಿಗೆ ಎಷ್ಟು ಅನ್ನೋದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತೆ, ಅದನ್ನೇ ಫಾಲೋ ಮಾಡಿ, ನಾನು ಹೇಳಿದೆ ಅಂತ ಎಲ್ಲದಕ್ಕೂ ಅದೇ ಅಳತೆ ಹಾಕ್ಬೇಡಿ. ಇನ್ನೊಂದು, ಪ್ಲಗ್ ಬಿಚ್ಚಿದ ತೂತಿಂದ ಪೆಟ್ರೋಲ್ ಆವಿ ಚಿಮ್ಮುತ್ತೆ, ಟೆಸ್ಟರ್ ಅದರ ಪಕ್ಕದಲ್ಲಿ ಹಿಡಿದ್ರೆ ಬೆಂಕಿ ಹತ್ಕೊಳ್ಳುತ್ತೆ. ದೂರ ಇಟ್ಟು, ಅರ್ತ್ ಗಟ್ಟಿ ಕೊಟ್ಟು ಮಾಡಿ. ಪ್ಲಗ್ ವೈರನ್ನ ಸುಮ್ನೆ ಗಾಳಿಯಲ್ಲಿ ತೇಲಾಡೋಕೆ ಬಿಟ್ಟು ಇಂಜಿನ್ ತಿರುಗಿಸ್ಲೇಬೇಡಿ, ಕಾಯಿಲ್ಲೋ ಸಿಡಿಐ ಬಾಕ್ಸೋ ಹೋಗ್ಬಹುದು.

ಒಬ್ಬ ಯಜಮಾನ್ರು ಎರಡು ಸಿಲಿಂಡರ್ ಟೂ ಸ್ಟ್ರೋಕ್ ತಂದಿದ್ರು. ಬಿಚ್ಚಿದ ಹಳೇ ಪ್ಲಗ್‌ಗಳು, ಕಾರ್ಬೋರೇಟರ್ ಕಿಟ್‌ನ ಗ್ಯಾಸ್ಕೆಟ್, ಫ್ಯೂಯೆಲ್ ಪಂಪ್ ಡಯಾಫ್ರಾಮ್, ಎಲ್ಲಾನೂ ಬಟ್ಟೇಲಿ ಸುತ್ತಿ ಜೋಪಾನವಾಗಿ ಜೊತೇಲೇ ಇಟ್ಕೊಂಡಿದ್ರು, ಒಂದೂ ಎಸೆದಿರ್ಲಿಲ್ಲ. ಅಂಥವ್ರನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ಪ್ಲಗ್ ಹೊರಗೆ ಹಿಡಿದ್ರೆ ಎರಡರಲ್ಲೂ ಕಿಡಿ. ಟೆಸ್ಟರ್ ಹಾಕಿದ್ರೆ ಮೇಲಿನದು ಪಟಪಟ ಅಂತು, ಕೆಳಗಿನದು ಸದ್ದೇ ಇಲ್ಲ. ಲೈಟ್ ಆರಿಸಿ ಮತ್ತೆ ತಿರುಗಿಸಿದೆ, ಕೆಳಗಿನ ಕಾಯಿಲ್ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಸೀಳು, ಅದರುದ್ದಕ್ಕೂ ನೀಲಿ ಕಿಡಿ ಹರಿದು ಬ್ರಾಕೆಟ್‌ಗೆ ಇಳೀತಿತ್ತು, ಸೀಳಿನ ಅಂಚಲ್ಲಿ ಬೆಳ್ಳಗೆ ಉಪ್ಪು ಕೂತಿತ್ತು. ಯಜಮಾನ್ರು ಬಗ್ಗಿ ನೋಡಿ, "ಇದನ್ನ ಮೊದ್ಲೇ ಕತ್ಲಲ್ಲಿ ನೋಡಿದ್ರೆ ಆಗ್ತಿತ್ತಲ್ಲ ಮಾರಾಯ್ರೆ" ಅಂದ್ರು. ಹೌದು, ಆಗ್ತಿತ್ತು.

ಹಾಗಂತ ಎಲ್ಲಾ ಮಿಸ್ಸಿಂಗೂ ಇಗ್ನಿಷನ್ನೇ ಅಂತ ನಾನು ಹೇಳ್ತಿಲ್ಲ. ಮೊದಲು ಯಾವ ಸಿಲಿಂಡರ್ ಸತ್ತಿದೆ ಅಂತ ಹುಡುಕಿ ಅಂತಿದೀನಿ. ಐಡಲ್‌ಗಿಂತ ಸ್ವಲ್ಪ ಮೇಲೆ ಓಡಿಸಿ ಒಂದೊಂದೇ ಸಿಲಿಂಡರ್‌ನ ಸ್ಪಾರ್ಕನ್ನ ಅರ್ತ್ ಮಾಡ್ತಾ ಹೋಗಿ, ಯಾವುದನ್ನ ನಿಲ್ಲಿಸಿದ್ರೂ ಇಂಜಿನ್ ಸೌಂಡ್ ಬದಲಾಗಲ್ವೋ ಅದು ಕೆಲ್ಸ ಮಾಡ್ತಿಲ್ಲ (ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ಇರೋ ಇಂಜಿನ್‌ನಲ್ಲಿ ಇದನ್ನ ಕೈಯಲ್ಲಿ ಮಾಡ್ಬೇಡಿ, ಡಯಾಗ್ನಾಸ್ಟಿಕ್ ಟೂಲ್ ಇರೋರ ಹತ್ರ ಹೋಗಿ). ಆಮೇಲೆ ಅದರ ಪ್ಲಗ್ ನೋಡಿ. ಒದ್ದೆಯಾಗಿದ್ರೆ ಪೆಟ್ರೋಲ್ ಬರ್ತಿದೆ, ಉರೀತಿಲ್ಲ, ಸ್ಪಾರ್ಕ್ ಅಥವಾ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರ್ ಒಳಗಾಗೋ ಒತ್ತಡ) ನೋಡ್ಬೇಕು. ಒಣಗಿ ಬೆಳ್ಳಗಿದ್ರೆ ಪೆಟ್ರೋಲೇ ಸರಿಯಾಗಿ ಬರ್ತಿಲ್ಲ, ಆಗ ಕಾರ್ಬೋರೇಟರ್ ಕಡೆ ಹೋಗಿ, ನಾನೇನೂ ಬೇಡ ಅನ್ನಲ್ಲ. ಕಂಪ್ರೆಷನ್ ಗೇಜ್ ಹಾಕಿದಾಗ ಸಿಲಿಂಡರ್‌ಗಳ ಮಧ್ಯೆ 10-15 ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಉಳಿದ ಯಾವ ರಿಪೇರಿಗೂ ಅರ್ಥ ಇಲ್ಲ, ಇಂಜಿನ್ ಒಳಗೆ ನೋಡ್ಲೇಬೇಕು.

ಒಣಗಿದ ಪ್ಲಗ್ ಕಂಡ್ರೆ ಮಾತ್ರ ದಯವಿಟ್ಟು ಇಂಜಿನ್ ಓಡಿಸೋದನ್ನ ಅಲ್ಲೇ ನಿಲ್ಲಿಸಿ. ಆಯಿಲ್ ಬೆರೆಸಿ ಓಡಿಸೋ ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ನಿಗೆ ಆಯಿಲ್ ಸಿಗೋದೇ ಪೆಟ್ರೋಲ್ ಜೊತೆ. ಜೆಟ್ ಕಟ್ಟಿಕೊಂಡ ಸಿಲಿಂಡರ್‌ಗೆ ಪೆಟ್ರೋಲೂ ಕಮ್ಮಿ, ಆಯಿಲೂ ಕಮ್ಮಿ. ಫುಲ್ ರೇಸ್ ಕೊಟ್ರೆ ಕಸ ಹಾರಿಹೋಗುತ್ತೆ ಅಂತ ಓಡಿಸಿ ಪಿಸ್ಟನ್ ಸೀಜ್ ಮಾಡ್ಕೊಂಡು ಬಂದೋರ ಮುಖ ನೋಡೋಕೆ ಬೇಜಾರಾಗುತ್ತೆ.

ಪೆಟ್ರೋಲ್ ಲೈನ್ ಚೆಕ್ ಮಾಡೋದು ಸುಲಭ. ಮಿಸ್ಸಿಂಗ್ ಹೊಡೀವಾಗ ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪಲ್ಲಿರೋ, ಕೈಯಲ್ಲಿ ಒತ್ತೋ ರಬ್ಬರ್ ಉಂಡೆ) ಒತ್ತುತ್ತಾ ಇದ್ರೆ ಸರಿಯಾಗಿ ಓಡುತ್ತಾ? ಹಾಗಿದ್ರೆ ಪಂಪ್ ವೀಕ್, ಇಲ್ಲಾ ಪೈಪಲ್ಲಿ ಎಲ್ಲೋ ಏರ್ ಎಳೀತಿದೆ. ಬಲ್ಬ್ ಚಪ್ಪಟೆ ಆಗಿಬಿಟ್ಟಿದ್ರೆ ಮೊದಲು ಟ್ಯಾಂಕಿನ ವೆಂಟ್ (ಗಾಳಿ ಒಳಗೆ ಬರೋ ತೂತು) ತೆಗೆದಿದೀರಾ ನೋಡಿ.

ಇಷ್ಟೆಲ್ಲ ಸರಿ ಇದ್ದು ದಡದಲ್ಲಿ ನೀರು ಕೊಟ್ಟು ಓಡಿಸಿದಾಗ ಚೆನ್ನಾಗಿದ್ದು, ಬೋಟ್ ಓಡಿಸಿದಾಗ ಮಾತ್ರ ಒಂದು ಮಟ್ಟದ ಆರ್‌ಪಿಎಂ ಮೇಲೆ ಏರ್ದೆ ತಡವರಿಸಿದ್ರೆ, ಅದು ಮಿಸ್ಸಿಂಗೇ ಅಲ್ದೇ ಇರಬಹುದು. ತುಂಬಾ ಮಾಡೆಲ್‌ಗಳು ಹೀಟ್ ಆದ್ರೆ ಅಥವಾ ಆಯಿಲ್ ಕಮ್ಮಿ ಆದ್ರೆ ಇಂಜಿನ್ ಉಳಿಸ್ಕೊಳ್ಳೋಕೆ ತಾವೇ ಸ್ಪೀಡ್ ಇಳಿಸ್ತವೆ. ಹೊರಗೆ ಬರೋ ನೀರಿನ ಧಾರೆ ನೋಡಿ, ಅಲಾರಂ ಕೂಗಿತಾ ನೆನಪಿಸ್ಕೊಳ್ಳಿ.

ವರ್ಕ್‌ಶಾಪಿಗೆ ತರೋದೇ ಆದ್ರೆ ತಣ್ಣಗಿದ್ದಾಗ ಹೊಡೀತಾ, ಬಿಸಿ ಆದ್ಮೇಲೆ ಹೊಡೀತಾ, ಎಷ್ಟು ರೇಸಲ್ಲಿ, ಲೋಡ್ ಇದ್ದಾಗಲೋ ಇಲ್ದಾಗಲೋ ಅಂತ ಬರ್ಕೊಂಡು ಬನ್ನಿ. ಪ್ಲಗ್ ಬಿಚ್ಚಿದ್ರೆ ಯಾವ ಸಿಲಿಂಡರ್‌ದು ಅಂತ ಗುರುತು ಹಾಕಿ ತನ್ನಿ, ತೊಳೆದು ಬ್ರಷ್ ಹಾಕಿ ಫಳಫಳ ಮಾಡ್ಕೊಂಡು ತರ್ಬೇಡಿ, ನಂಗೆ ಬೇಕಾಗಿರೋದು ಆ ಮಸಿಯೇ.