ಹಳೆಯ ವ್ಯಾಕ್ಸ್ ಸೋಪಿಗೆ ಹೋಗುವುದಿಲ್ಲ

ಕಾರಿನ ಪೇಂಟಿಗೆ ಹೊಳಪು, ರಕ್ಷಣೆ ಕೊಡುವ ವ್ಯಾಕ್ಸ್ (ಮೇಣ), ಸೀಲೆಂಟ್ ಅಥವಾ ಸೆರಾಮಿಕ್ ಕೋಟಿಂಗ್ ಹೊಸದಾಗಿ ಹಾಕುವ ಮುನ್ನ ಹಳೆಯ ವ್ಯಾಕ್ಸನ್ನು ಪೂರ್ತಿ ತೆಗೆಯಬೇಕು. ಬಹಳ ಜನ ಇದಕ್ಕೆ ಹಿಡಿಯುವ ದಾರಿ ಒಂದೇ: ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಧಾರಾಳವಾಗಿ ಸುರಿದು ಉಜ್ಜುವುದು. ಆಮೇಲೆ ಬಾನೆಟ್ ಮೇಲೆ ನೀರು ಹೊಯ್ದು ನೋಡುತ್ತಾರೆ. ಮೊದಲು ದುಂಡಗೆ ಹನಿಗಟ್ಟುತ್ತಿದ್ದ ನೀರು ಈಗ ತೆಳ್ಳಗೆ ಹರಡಿಕೊಂಡು ಇಳಿದರೆ ವ್ಯಾಕ್ಸ್ ಹೋಯಿತೆಂದೇ ಲೆಕ್ಕ. ಆದರೆ ಅದೇ ಬಾನೆಟ್ಟನ್ನು ಬರೀ ನೀರಿನಲ್ಲಿ ಇನ್ನೆರಡು ಸಲ ಚೆನ್ನಾಗಿ ತೊಳೆದು, ಒರೆಸಿ, ಮತ್ತೆ ನೀರು ಚಿಮುಕಿಸಿ ನೋಡಿ. ಎಷ್ಟೋ ಸಲ ಹನಿಗಳು ಮರಳಿ ಬಂದಿರುತ್ತವೆ. ವ್ಯಾಕ್ಸ್ ಅಲ್ಲೇ ಇತ್ತು, ಅದರ ಮೇಲೆ ಸೋಪಿನ ತೆಳು ಪದರ ಕೂತಿತ್ತು.

ನೀರು ಹನಿಗಟ್ಟುವುದು ಅದರ ಮೇಲ್ಮೈ ಸೆಳೆತದಿಂದ. ಕೆಳಗಿನ ಮೇಲ್ಮೈ ನೀರನ್ನು ತನ್ನತ್ತ ಎಳೆದುಕೊಳ್ಳದಿದ್ದರೆ ನೀರಿನ ಅಣುಗಳು ತಮ್ಮತಮ್ಮಲ್ಲೇ ಬಿಗಿದುಕೊಂಡು ದುಂಡಾಗುತ್ತವೆ. ಹನಿಯ ಅಂಚು ಮೇಲ್ಮೈಗೆ ತಾಗುವ ಕೋನ 90 ಡಿಗ್ರಿ ಮೀರಿದರೆ ಅದು ನೀರನ್ನು ದೂರವಿಡುವ ಮೇಲ್ಮೈ. ಸೋಪಿನ ಅಣುವಿಗೆ ಒಂದು ತುದಿ ಎಣ್ಣೆಯ ಕಡೆ, ಇನ್ನೊಂದು ತುದಿ ನೀರಿನ ಕಡೆ. ಇಂಥ ಅಣುಗಳು ವ್ಯಾಕ್ಸಿನ ಮೇಲೆ ಸಾಲುಗಟ್ಟಿ ಕೂತರೆ ಹೊರಮುಖವೆಲ್ಲ ನೀರಿಗೆ ಒಲಿಯುವಂತಾಗುತ್ತದೆ, ನೀರು ಹರಡುತ್ತದೆ. ಧೂಳು, ಡೀಸೆಲ್ ಮಸಿ ಹತ್ತಿದ ವ್ಯಾಕ್ಸ್ ಕೂಡ ಹೀಗೆಯೇ ನಡೆದುಕೊಳ್ಳುತ್ತದೆ. ಆದ್ದರಿಂದ ಹನಿ ಕಾಣಲಿಲ್ಲ ಎಂಬುದೊಂದೇ ವ್ಯಾಕ್ಸ್ ಹೋದುದಕ್ಕೆ ಸಾಕ್ಷಿಯಾಗದು.

ಸೋಪಿಗೆ ಇದು ಯಾಕೆ ಆಗುವುದಿಲ್ಲ? ಪಾತ್ರೆಯ ಎಣ್ಣೆ ದ್ರವ. ಸೋಪಿನ ಅಣುಗಳು ಅದರ ಅಂಚಿಗೆ ನುಗ್ಗಿ, ಸುತ್ತಿ, ಉಂಡೆಗಟ್ಟಿಸಿ ನೀರಿಗೆ ಎಳೆಯುತ್ತವೆ. ವ್ಯಾಕ್ಸ್ ಘನವಸ್ತು, ಅದು ಉರುಳುವುದಿಲ್ಲ. ಕಾರಿನ ಪೇಸ್ಟ್ ವ್ಯಾಕ್ಸ್‌ಗಳಲ್ಲಿ ಹೆಸರುವಾಸಿಯಾದದ್ದು ಕಾರ್ನೌಬಾ, ಈಶಾನ್ಯ ಬ್ರೆಜಿಲ್‌ನಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಗಳಿಂದ ಉದುರಿಸಿ ತೆಗೆಯುವ ಮೇಣ. ಅದು ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಜೇನುಮೇಣ 62–64ರಲ್ಲಿ. ಕೈ ತಾಳುವ ಬಿಸಿನೀರು 45 ಡಿಗ್ರಿಯ ಆಸುಪಾಸಿನದು, ಎರಡನ್ನೂ ಕರಗಿಸಲಾರದು. ಪೇಸ್ಟಿನಲ್ಲಿ ಇವುಗಳ ಜೊತೆ ಪ್ಯಾರಾಫಿನ್, ಸಿಲಿಕೋನ್ ಎಣ್ಣೆ ಕೂಡ ಬೆರೆತಿರುವುದುಂಟು. ವಾರವಾರ ಗಡುಸು ಸೋಪು ಹಾಕಿ ತೊಳೆದರೆ ಪದರ ಕ್ರಮೇಣ ಸವೆಯುತ್ತದೆ ನಿಜ, ಆದರೆ ಒಂದೇ ತೊಳೆತಕ್ಕೆ ಕಾರು ಬರಿದಾಗುವುದಿಲ್ಲ.

ಹಲಸಿನ ಮೇಣ ಕೈಗಂಟಿದರೆ ನಮ್ಮಲ್ಲಿ ಯಾರೂ ಸೋಪು ಹುಡುಕುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ತನ್ನಂಥದೇ ಸ್ವಭಾವದ ದ್ರವದಲ್ಲಿ ಮಾತ್ರ ವಸ್ತು ಬಿಟ್ಟುಕೊಳ್ಳುತ್ತದೆ ಎಂಬ ರಸಾಯನಶಾಸ್ತ್ರದ ನಿಯಮವೇ ಅದು. ವ್ಯಾಕ್ಸಿನ ಅಣುಗಳಲ್ಲಿ ಹೆಚ್ಚಾಗಿ ಇರುವುದು ಉದ್ದುದ್ದದ ಹೈಡ್ರೋಕಾರ್ಬನ್ (ಇಂಗಾಲ, ಜಲಜನಕದ) ಸರಪಳಿಗಳು. ಅವನ್ನು ಸಡಿಲಿಸಲು ಹೈಡ್ರೋಕಾರ್ಬನ್ ದ್ರಾವಕವೇ ಬೇಕು. ಪೇಂಟಿಂಗ್ ಶೆಡ್‌ಗಳಲ್ಲಿ ಬಳಸುವ 'ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್' ಇಂಥದ್ದು. ಅದು ಸಿಗದ ಊರಿನಲ್ಲಿ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಆದೀತು, ಗೇಟು ಕಿಟಕಿಗೆ ಹೊಡೆಯುವ ಎನಾಮೆಲ್ ಪೇಂಟಿಗೆ ಬೆರೆಸುತ್ತಾರಲ್ಲ, ಅದೇ. ಸೀಲ್ ಇರುವ ಡಬ್ಬಿಯೇ ಬೇಕು. ಬಿಡಿಯಾಗಿ ಅಳೆದು ಕೊಡುವುದರಲ್ಲಿ ಏನು ಬೆರೆತಿದೆಯೋ ಹೇಳಲಾಗದು. ಸೀಮೆಎಣ್ಣೆಯೂ ಅದೇ ಕುಲದ್ದೇ, ಆದರೆ ನಿಧಾನವಾಗಿ ಆರಿ ಜಿಡ್ಡು ಉಳಿಸುತ್ತದೆ. ಪೆಟ್ರೋಲ್ ಬೇಡವೇ ಬೇಡ. ಅದರ ಆವಿ ಕಿಡಿಗಾಗಿ ಕಾದಿರುತ್ತದೆ.

ವ್ಯಾಕ್ಸ್ ತೆಗೆಯಲು ಥಿನ್ನರ್ ಬಳಸುವುದರ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು, ಕಾರುಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ 'ಡ್ಯೂಕೊ' ಎಂದು ಕರೆಯುವ ಬಣ್ಣದ ಮೂಲ 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ತಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಅದು ಒಣಗುವುದು ದ್ರಾವಕ ಆರಿಹೋಗುವುದರಿಂದಷ್ಟೇ, ಅಣುಗಳು ಒಂದಕ್ಕೊಂದು ಬೆಸೆಯುವುದಿಲ್ಲ. ಹಾಗಾಗಿ ಮತ್ತೆ ಥಿನ್ನರ್ ತಾಗಿದ ಕೂಡಲೇ ಕರಗುತ್ತದೆ. ಇಂದಿನ ಕಾರ್ಖಾನೆಯ ಬಣ್ಣ ಬೇರೆ. ಒಲೆಯಲ್ಲಿ ಬೇಯಿಸಿದ ಅದರ ಕ್ಲಿಯರ್ ಕೋಟ್‌ನಲ್ಲಿ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲಿ, ಅಣುಗಳು ಬಲೆಯಾಗಿ ಹೆಣೆದುಕೊಂಡಿರುತ್ತವೆ, ಮಿನರಲ್ ಟರ್ಪೆಂಟೈನ್ ಕೆಲ ನಿಮಿಷ ತಾಗಿದರೆ ಏನೂ ಆಗುವುದಿಲ್ಲ. ಟೊಲ್ವೀನ್, ಅಸಿಟೋನ್ ಬೆರೆತ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಮಾತ್ರ ಅದನ್ನೂ ಉಬ್ಬಿಸಿ ಮಂಕಾಗಿಸಬಲ್ಲದು. ಇನ್ನು ಹಿಂದಿನ ಬಂಪರ್ ಅನ್ನೋ ಒಂದು ಬಾಗಿಲನ್ನೋ ಅಗ್ಗದ ಬಣ್ಣದಲ್ಲಿ ಮರುಪೇಂಟ್ ಮಾಡಿಸಿದ್ದರೆ ಬಣ್ಣವೇ ಬಟ್ಟೆಗೆ ಬಂದುಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಎಲ್ಲಿ ಮರುಪೇಂಟ್ ಆಗಿದೆ ಎಂದು ಗೊತ್ತಿರುವುದಿಲ್ಲ. ಆದ್ದರಿಂದ ಪ್ರತಿ ಪ್ಯಾನೆಲ್‌ನಲ್ಲೂ ಕಾಣದ ಒಂದು ಮೂಲೆಯಲ್ಲಿ, ಬಾಗಿಲಿನ ಒಳ ಅಂಚಿನಲ್ಲಿ ಅಥವಾ ಬಂಪರ್‌ನ ಕೆಳತುದಿಯಲ್ಲಿ, ಬಿಳಿ ಬಟ್ಟೆಯ ತುಂಡಿಗೆ ನೀವು ಬಳಸಲಿರುವ ದ್ರಾವಕವನ್ನೇ ಹಾಕಿ ಹತ್ತು ಸೆಕೆಂಡ್ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಬಂದರೆ ಅಥವಾ ಮೇಲ್ಮೈ ಅಂಟಂಟಾದರೆ ಆ ಪ್ಯಾನೆಲ್ ಬಿಟ್ಟುಬಿಡಿ. ಇತ್ತೀಚೆಗೆ ಪೇಂಟ್ ಆದ ಭಾಗಕ್ಕೆ ಸಾಮಾನ್ಯವಾಗಿ ಒಂದು ತಿಂಗಳಾದರೂ ದ್ರಾವಕ ತಾಗಿಸುವುದಿಲ್ಲ.

ಕೆಲಸವನ್ನು ನೆರಳಿನಲ್ಲಿ, ಬೆಳಗಿನ ತಂಪಿನಲ್ಲಿ ಮಾಡಬೇಕು. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಮೊದಲು ಸಾಮಾನ್ಯ ಕಾರ್ ಶಾಂಪೂವಿನಿಂದ ಎರಡು ಬಕೆಟ್ ಇಟ್ಟುಕೊಂಡು ತೊಳೆಯಿರಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಕೈಗವಸು ಜಾಲಿಸಲು. ಇದು ವ್ಯಾಕ್ಸಿಗಾಗಿ ಅಲ್ಲ, ಮರಳು ಧೂಳು ಹೋಗಲಿ ಎಂದು. ಧೂಳಿರುವ ಮೇಲ್ಮೈಯನ್ನು ದ್ರಾವಕದ ಬಟ್ಟೆಯಿಂದ ಒರೆಸಿದರೆ ಬಿಸಿಲಿಗೆ ಹಿಡಿದಾಗ ಕಾಣುವ ಸುರುಳಿ ಗೀರುಗಳು ಗ್ಯಾರಂಟಿ. ಪೂರ್ತಿ ಒಣಗಿಸಿ. ಕಿಟಕಿಯ ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಹೆಡ್‌ಲ್ಯಾಂಪ್‌ಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಬೀಡಿಂಗ್ ರಬ್ಬರ್ ಹೈಡ್ರೋಕಾರ್ಬನ್ ಹೀರಿ ಉಬ್ಬುತ್ತದೆ. ಹೆಡ್‌ಲ್ಯಾಂಪಿನ ಪಾಲಿಕಾರ್ಬೊನೇಟ್ ದ್ರಾವಕ ತಾಗಿದರೆ ಕೂದಲೆಳೆಯ ಬಿರುಕು ಬಿಡಬಹುದು. ಪೇಂಟಿನ ಮೇಲೆ ಪಿಪಿಎಫ್ (ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್) ಅಥವಾ ವಿನೈಲ್ ಸ್ಟಿಕ್ಕರ್ ಇದ್ದರೆ ಆ ಭಾಗಕ್ಕೂ ಇದು ಬೇಡ.

ಒಂದು ಹ್ಯಾಚ್‌ಬ್ಯಾಕ್‌ಗೆ ಕಾಲು ಲೀಟರ್ ದ್ರಾವಕ, 300ರಿಂದ 400 ಜಿಎಸ್‌ಎಂನ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಎಂಟು ಹತ್ತು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ. ನೈಟ್ರೈಲ್ ಗ್ಲೌಸ್ ಹಾಕಿ, ಗಾಳಿಯಾಡುವ ಜಾಗದಲ್ಲಿ ನಿಲ್ಲಿ, ಹತ್ತಿರ ಬೆಂಕಿ, ಬೀಡಿ ಸಿಗರೇಟು ಇರಬಾರದು. ದ್ರಾವಕವನ್ನು ಬಟ್ಟೆಗೆ ಹಾಕಿ, ಕಾರಿನ ಮೇಲೆ ನೇರ ಸುರಿಯಬೇಡಿ. ಬಟ್ಟೆ ಒದ್ದೆಯಾಗಬೇಕು, ತೊಟ್ಟಿಕ್ಕಬಾರದು. ಒಂದು ಸಲಕ್ಕೆ ಎರಡಡಿ ಚೌಕ ಸಾಕು. ಒತ್ತದೆ, ನೇರ ಗೆರೆಯಲ್ಲಿ ಎರಡು ಮೂರು ಸಲ ಎಳೆದು, ಇನ್ನೂ ಒದ್ದೆ ಇರುವಾಗಲೇ ಎರಡನೆಯ ಒಣ ಬಟ್ಟೆಯಿಂದ ಎತ್ತಿಕೊಳ್ಳಿ. ಇಡೀ ಕೆಲಸದ ಗುಟ್ಟು ಈ ಎತ್ತಿಕೊಳ್ಳುವುದರಲ್ಲಿದೆ. ದ್ರಾವಕ ವ್ಯಾಕ್ಸನ್ನು ಮಾಯ ಮಾಡುವುದಿಲ್ಲ, ತೇಲಿಸುತ್ತದೆ ಮಾತ್ರ. ಹಾಗೇ ಆರಲು ಬಿಟ್ಟರೆ ಕರಗಿದ್ದೆಲ್ಲ ಮರಳಿ ಅಲ್ಲೇ ಕೂರುತ್ತದೆ, ಮೊದಲಿಗಿಂತ ಹರಡಿಕೊಂಡು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪ್ರತಿ ಚೌಕಕ್ಕೂ ಹೊಸ ಮುಖ ಬಳಸಿ. ಒಂದೇ ಬಟ್ಟೆಯಲ್ಲಿ ಇಡೀ ಕಾರು ಒರೆಸಿದರೆ ಬಾನೆಟ್ಟಿನ ವ್ಯಾಕ್ಸ್ ಡಿಕ್ಕಿಗೆ ಹೋಗುತ್ತದೆ, ಅಷ್ಟೇ ಲಾಭ. ಲೋಗೋ ಅಕ್ಷರಗಳ ಸಂದು, ಬಾಗಿಲ ಹಿಡಿಕೆಯ ಗುಳಿ, ಪ್ಯಾನೆಲ್‌ಗಳ ನಡುವಿನ ಗೆರೆಗಳಲ್ಲಿ ಬಿಳಿಯಾಗಿ ಗಟ್ಟಿಯಾದ ಹಳೆ ವ್ಯಾಕ್ಸ್‌ಗೆ ಮೃದುವಾದ ಟೂತ್‌ಬ್ರಷ್ ಬೇಕು.

ಆಮೇಲೆ ಮತ್ತೊಮ್ಮೆ ಶಾಂಪೂ ತೊಳೆತ. ಈಗ ಪೇಂಟ್ ಬರಿದಾಗಿರುವುದರಿಂದ ವ್ಯಾಕ್ಸಿನಡಿ ಅಡಗಿದ್ದ ಬ್ರೇಕ್ ಧೂಳಿನ ಕಬ್ಬಿಣದ ಕಣಗಳು ಹೊರಗೆ ಬಂದಿರುತ್ತವೆ. ಐರನ್ ರಿಮೂವರ್ ಸಿಂಪಡಿಸಿದರೆ ಅದರ ಥಯೋಗ್ಲೈಕೊಲೇಟ್ ಕಬ್ಬಿಣದೊಡನೆ ಸೇರಿ ನೇರಳೆ ಬಣ್ಣ ಇಳಿಯುತ್ತದೆ. ಒಣಗಲು ಬಿಡದೆ ತೊಳೆಯಿರಿ. ಬೆರಳಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ ಸವರಿದಾಗ ಇನ್ನೂ ತರಿತರಿ ಎನಿಸಿದ ಕಡೆ ಮಾತ್ರ ಕ್ಲೇ ಬಾರ್ (ಪೇಂಟಿಗೆ ಕಚ್ಚಿದ ಕಣಗಳನ್ನು ಎತ್ತುವ ಜೇಡಿಮಣ್ಣಿನಂಥ ಉಂಡೆ), ಅದೂ ಶಾಂಪೂ ನೀರಿನ ಜಾರಿಕೆಯಲ್ಲಿ. ಕ್ಲೇ ನೆಲಕ್ಕೆ ಬಿದ್ದರೆ ಎತ್ತಿ ಬಳಸಬೇಡಿ, ಎಸೆಯಿರಿ.

ಕೊನೆಯದು ಐಸೊಪ್ರೊಪೈಲ್ ಆಲ್ಕೊಹಾಲ್. ಇದು ವ್ಯಾಕ್ಸ್ ತೆಗೆಯುತ್ತದೆ ಎಂಬ ನಂಬಿಕೆ ಬಲವಾಗಿದೆ, ಆದರೆ ಗಟ್ಟಿ ಮೇಣವನ್ನು ಆಲ್ಕೊಹಾಲ್ ತಣ್ಣಗಿರುವಾಗ ಸರಿಯಾಗಿ ಕರಗಿಸುವುದಿಲ್ಲ. ಅದರ ಕೆಲಸ ಶಾಂಪೂವಿನ ಶೇಷ, ಬೆರಳ ಜಿಡ್ಡು, ಪಾಲಿಶ್‌ನ ಎಣ್ಣೆ ಒಯ್ಯುವುದು. 20 ಶೇಕಡ ಸಾಕು: 99 ಶೇಕಡದ್ದಾದರೆ 200 ಮಿಲಿಗೆ 800 ಮಿಲಿ ಡಿಸ್ಟಿಲ್ಡ್ ವಾಟರ್, 70 ಶೇಕಡದ್ದಾದರೆ 285 ಮಿಲಿಗೆ 715 ಮಿಲಿ. ಗಾಢವಾಗಿ ಬಳಸಿದರೆ ಕ್ಲಿಯರ್ ಕೋಟ್ ತಾತ್ಕಾಲಿಕವಾಗಿ ಮೆದುವಾಗಿ ಒರೆಸುವಾಗಲೇ ಗೀರು ಬೀಳಬಹುದು. ಮನೆಯಲ್ಲಿ ಉಳಿದ ಹ್ಯಾಂಡ್ ಸ್ಯಾನಿಟೈಸರ್ ಬೇಡ, ಚರ್ಮ ಒಣಗದಿರಲಿ ಎಂದು ಬೆರೆಸಿರುವ ಗ್ಲಿಸರಿನ್ ಪೇಂಟಿನ ಮೇಲೆ ಉಳಿಯುತ್ತದೆ. ಬೋರ್‌ವೆಲ್ ನೀರೂ ಬೇಡ. ಬೆಂಗಳೂರಿನಂಥ ಕಡೆಯ ಗಡಸು ನೀರು ಆರಿದಲ್ಲೆಲ್ಲ ಕ್ಯಾಲ್ಸಿಯಂ ಲವಣದ ಬಿಳಿ ಕಲೆ ಕೂರಿಸುತ್ತದೆ.

ವ್ಯಾಕ್ಸ್ ನಿಜಕ್ಕೂ ಹೋಗಿದೆಯೇ ಎಂದು ತಿಳಿಯಲು ಕೆಲಸ ಶುರುಮಾಡುವಾಗಲೇ ಬಾನೆಟ್ಟಿನ ನಡುವೆ ಟೇಪಿನ ಗೆರೆ ಎಳೆದು ಒಂದು ಗೇಣು ಜಾಗವನ್ನು ಮುಟ್ಟದೆ ಬಿಡಿ. ಇಷ್ಟೆಲ್ಲ ಆಗಿ ಒಣಗಿದ ಮೇಲೆ ಟೇಪ್ ತೆಗೆದು, ಸ್ಪ್ರೇ ಬಾಟಲಿಯಿಂದ ಡಿಸ್ಟಿಲ್ಡ್ ವಾಟರ್ ಅನ್ನು ಮಂಜಾಗಿ ಎರಡೂ ಕಡೆ ಸಿಂಪಡಿಸಿ. ಬಿಟ್ಟ ಕಡೆ ಹನಿ ದುಂಡಗೆ, ಚಿಕ್ಕದಾಗಿ, ಸಮನಾದ ಅಂಚಿನಿಂದ ನಿಲ್ಲುತ್ತದೆ. ಬರಿ ಕ್ಲಿಯರ್ ಕೋಟ್ ಮೇಲೆ ಚಪ್ಪಟೆಯಾಗಿ, ಅಂಕುಡೊಂಕಾಗಿ, ಒಂದರೊಡನೊಂದು ಕೂಡಿಕೊಂಡು ಹರಡುತ್ತದೆ. ಎರಡೂ ಕಡೆ ಒಂದೇ ಥರ ದುಂಡಗಿದ್ದರೆ ಅಲ್ಲಿರುವುದು ವ್ಯಾಕ್ಸ್ ಅಲ್ಲದಿರಬಹುದು. ಸಿಲಿಕೋನ್ ಆಧಾರಿತ ಸೀಲೆಂಟ್, ಸೆರಾಮಿಕ್ ಕೋಟಿಂಗ್‌ಗಳು ಟರ್ಪೆಂಟೈನ್‌ಗೆ ಬಗ್ಗುವುದಿಲ್ಲ. ಅವಕ್ಕೆ ಪಾಲಿಶಿಂಗ್ ಕಾಂಪೌಂಡಿನ ತಿಕ್ಕಾಟವೇ ಗತಿ. ಆದರೆ ಆ ತಿಕ್ಕಾಟಕ್ಕೆ ಬೆಲೆ ಇದೆ. ಕಾರ್ಖಾನೆಯ ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು, ಮತ್ತು ಬಿಸಿಲಿನ ಅತಿನೇರಳೆ ಕಿರಣ ತಡೆಯುವ ರಾಸಾಯನಿಕಗಳು ಇರುವುದು ಅದರಲ್ಲೇ. ಮೆಷಿನ್ ಪಾಲಿಶ್‌ಗೆ ಅದು ಪ್ರತಿ ಸಲವೂ ಸವೆಯುತ್ತದೆ, ಮರಳಿ ಬೆಳೆಯುವುದಿಲ್ಲ. ಬರೀ ವ್ಯಾಕ್ಸ್ ತೆಗೆಯಲಿಕ್ಕೆಂದು ಕಾಂಪೌಂಡ್ ಹೊಡೆಯುವ ಅಂಗಡಿಗೆ ಕಾರು ಕೊಡಬೇಡಿ. ದ್ರಾವಕದಿಂದಲೇ ಆಗುವ ಕೆಲಸಕ್ಕೆ ವರ್ಷಗಟ್ಟಲೆ ಬಾಳಬೇಕಾದ ಪದರವನ್ನು ಕೆರೆಯುವುದು ಸರಿಯಲ್ಲ.

ಟೇಪಿನಾಚೆ ಬಿಟ್ಟಿದ್ದ ಗೇಣು ಜಾಗವನ್ನೂ ಈಗ ಅದೇ ಕ್ರಮದಲ್ಲಿ ತೆಗೆದು ಮುಗಿಸಿ. ಬರಿದಾದ ಪೇಂಟನ್ನು ಬರಿಗೈಯಲ್ಲಿ ಮುಟ್ಟದೆ ಅಂದೇ ಹೊಸ ಪದರ ಹಚ್ಚಿ. ದ್ರಾವಕದ ಬಟ್ಟೆಗಳನ್ನು ಮುದುರಿ ಒಟ್ಟದೆ ಹೊರಗೆ ಹರವಿ ಪೂರ್ತಿ ಆರಿದ ಮೇಲೆ ಒಗೆಯಿರಿ, ಫ್ಯಾಬ್ರಿಕ್ ಕಂಡೀಷನರ್ ಹಾಕದೆ. ಬಟ್ಟೆಯ ನೂಲನ್ನು ನುಣುಪಾಗಿಸುವ ಅದರ ಜಿಡ್ಡು ಮುಂದಿನ ಸಲ ಒರೆಸುವಾಗ ಪೇಂಟಿಗೆ ಹತ್ತುತ್ತದೆ.